ಹತ್ತು ದನಿಗಳ ನಡುವೆ ಒಂದು ದನಿ

ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ಗದಗ ಜಿಲ್ಲೆಯ ಸಂಗೀತ ಬಲ್ಲವರ ಮನೆಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಶಿರಹಟ್ಟಿಯಿಂದಲೋ ಮುಂಡರಗಿಯಿಂದಲೋ ಬಂದ ತಂದೆ ಚಹಾ ಬಸಿ ಕೆಳಗಿಟ್ಟು ಕೇಳುತ್ತಾರೆ: “ಹುಡುಗಿ ದನಿ ಛಲೋ ಐತ್ರಿ. ಜೂನಿಯರ್, ಸೀನಿಯರ್ ಎರಡೂ ಪಾಸಾಗ್ಯಾಳ. ಮುಂದ ಎಲ್ಲಿ ಹಚ್ಚೂಣು ಹೇಳ್ರಿ.” ಪುಣೆ, ಮುಂಬಯಿಯ ದೊಡ್ಡ ಹೆಸರುಗಳು ಅವರ ಕಿವಿಗೆ ಬಿದ್ದಿರುತ್ತವೆ. ಊರಲ್ಲೇ ಇರುವ ಗುರುಗಳ ಮನೆಯೂ ಕಣ್ಣೆದುರಿಗಿರುತ್ತದೆ. ನಾನು ಹೇಳುವುದು ಇವೆರಡರ ನಡುವಿನ ದಾರಿ. ನಲವತ್ತು–ಐವತ್ತು ವಿದ್ಯಾರ್ಥಿಗಳಿರುವ, ಗಾಯನದ ಜೊತೆ ತಬಲಾ, ಸಿತಾರ, ಹಾರ್ಮೋನಿಯಂ ಕಲಿಸುವವರೂ ಇರುವ, ಒಬ್ಬರ ದನಿ ಇನ್ನೊಬ್ಬರಿಗೆ ಗುರುತಿರುವಂಥ ಸಂಗೀತ ವಿಭಾಗಕ್ಕೆ ಸೇರಿಸಿ ಎನ್ನುತ್ತೇನೆ.

ಸಂಗೀತವನ್ನು ಗುರು ಕಲಿಸುತ್ತಾನೆ, ನಿಜ. ಆದರೆ ಅದನ್ನು ಪಕ್ವ ಮಾಡುವುದು ಸಹಪಾಠಿಗಳ ಕಿವಿ. ಯಮನ್ ರಾಗದ ಬಡಾ ಖ್ಯಾಲ್ ಕಲಿಯುತ್ತಿರುವ ಹುಡುಗಿಯನ್ನು ನೋಡಿ. ವಿಲಂಬಿತ ಏಕತಾಲ, 12 ಮಾತ್ರೆ. ಆಲಾಪ ಬೆಳೆಸುತ್ತ ಹೋಗಿ, ಸರಿಯಾದ ಕಡೆ ಮುಖಡಾ ಹಿಡಿದು ಸಮಕ್ಕೆ ಬಂದು ಕೂಡಬೇಕು. ಮೊಬೈಲಿನ ತಬಲಾ ಆ್ಯಪ್ ಬೇಸರವಿಲ್ಲದೆ ಠೇಕಾ ನುಡಿಸುತ್ತದೆ, ಆದರೆ ಅವಳು ದಾರಿ ತಪ್ಪಿದ್ದು ಅದಕ್ಕೆ ತಿಳಿಯುವುದಿಲ್ಲ. ಎದುರಿಗೆ ಕೂತ ತಬಲಾ ಹುಡುಗನಿಗೆ ತಿಳಿಯುತ್ತದೆ. ಹತ್ತನೆಯ ಮಾತ್ರೆಯ ತಿರಕಿಟವನ್ನು ಅವನು ತುಸು ಎದ್ದು ಕಾಣುವಂತೆ ನುಡಿಸುತ್ತಾನೆ, ತಲೆ ಎತ್ತಿ ಅವಳ ಕಡೆ ನೋಡುತ್ತಾನೆ. ಮುಂದೆ ಉಳಿದಿರುವುದು ಎರಡೇ ಮಾತ್ರೆ. ಅವಳು ಸಾವರಿಸಿಕೊಂಡು ಮುಖಡಾ ಹಿಡಿಯುತ್ತಾಳೆ. ಇಬ್ಬರೂ ಸಮದ ಮೇಲೆ ಕೂಡಿದಾಗ ಅವಳಿಗೆ ಲಯ ತಿಳಿದಿರುತ್ತದೆ, ಅವನಿಗೆ ಸಾಥ್ ಕೊಡುವುದು ತಿಳಿದಿರುತ್ತದೆ. ಬೆಟಗೇರಿಯ ಮಗ್ಗದ ಹಾಸು ಹೊಕ್ಕಿನ ಹಾಗೆ ಒಂದಿಲ್ಲದೆ ಇನ್ನೊಂದು ಬಟ್ಟೆಯಾಗುವುದಿಲ್ಲ. ಒಬ್ಬರೇ ಗುರುಗಳ ಮನೆಯಲ್ಲಿ ದಿನಾಲೂ ತಬಲಾದವರು ಸಿಗುವುದು ಕಷ್ಟ. ತೀರ ದೊಡ್ಡ ಸಂಸ್ಥೆಯಲ್ಲಿ ಅವರು ವೇಳಾಪಟ್ಟಿಗೆ ಸಿಗುತ್ತಾರೆ, ರಿಯಾಜಿಗೆ ಸಿಗುವುದಿಲ್ಲ. ಮಧ್ಯಮ ಗಾತ್ರದ ವಿಭಾಗದಲ್ಲಿ “ಸಂಜೀಕ ಒಂದ ತಾಸು ಕೂಡೋಣೇನೋ?” ಎಂದು ಕೇಳಿದರೆ ಸಾಕು.

ಇದಕ್ಕೆ ಪುರಾವೆ ಹುಡುಕಿ ದೂರ ಹೋಗಬೇಕಿಲ್ಲ, ಗದಗಿನ ವೀರೇಶ್ವರ ಪುಣ್ಯಾಶ್ರಮವೇ ಇದೆ. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳ ಆಸರೆಯಲ್ಲಿ ಅವರು ಕರ್ನಾಟಕಿ, ಹಿಂದುಸ್ತಾನಿ ಎರಡನ್ನೂ ಕಲಿತರು. ಮಲ್ಲಿಕಾರ್ಜುನ ಮನಸೂರರಿಗೆ ಕಲಿಸಿದ ನೀಲಕಂಠಬುವಾ ಅವರೇ ಇವರಿಗೂ ಹಿಂದುಸ್ತಾನಿ ಗುರು. ಆಮೇಲೆ ಶಿಷ್ಯರನ್ನು ಕಟ್ಟಿಕೊಂಡು ಊರಿಂದ ಊರಿಗೆ ತಿರುಗುತ್ತ ಪಾಠಶಾಲೆ ನಡೆಸಿ, ಕೊನೆಗೆ ಗದಗಿನಲ್ಲಿ ನೆಲೆ ನಿಂತರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಅವರ ಹಾಗೆಯೇ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಭಾರ ಹೊತ್ತರು. ಕಣ್ಣಿಲ್ಲದ ಮಕ್ಕಳು, ಬಡವರ ಮಕ್ಕಳು ಜಾತಿಯ ಹಂಗಿಲ್ಲದೆ ಅಲ್ಲಿ ಉಂಡು, ಕಲಿತು ಬೆಳೆದರು.

ನೋಡಿ ಬರೆದುಕೊಳ್ಳಲಾಗದ ಮಗುವಿಗೆ ಚೀಜು ಬಾಯಿಂದ ಬಾಯಿಗೇ ಬರಬೇಕು. ಗುರುಗಳು ದೊಡ್ಡವರಿಗೆ ಹೇಳಿಕೊಟ್ಟದ್ದನ್ನು ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಾರೆ. ಹಾಗೆ ಹೇಳಿಕೊಡುವಾಗಲೇ ದೊಡ್ಡವರಿಗೆ ತಮ್ಮ ಪಾಠ ಗಟ್ಟಿಯಾಗುತ್ತದೆ. ಒಂದು ಕೋಣೆಯ ಭೈರವ ಇನ್ನೊಂದು ಕೋಣೆಗೆ ಕೇಳುತ್ತದೆ. ಹಾಡುವವನು ತಬಲಾದ ಬೋಲು ಬಲ್ಲ, ತಬಲಾದವನು ಬಂದಿಶ್ ಬಲ್ಲ. ಪುಟ್ಟರಾಜರು ಹಾಡುಗಾರಿಕೆಯ ಜೊತೆ ಹಾರ್ಮೋನಿಯಂ, ಪಿಟೀಲು, ಸಾರಂಗಿ, ತಬಲಾ ಎಲ್ಲವನ್ನೂ ಬಲ್ಲವರಾಗಿದ್ದರು. ಆಶ್ರಮದ ನಾಟಕ ಕಂಪನಿಯೂ ಇತ್ತು, ರಂಗಗೀತೆಯೂ ಅಲ್ಲಿ ಪಾಠವೇ. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಕೈಯಲ್ಲಿ ತಯಾರಾದದ್ದು, ಬಳ್ಳಾರಿ ಕಡೆಯಿಂದ ಬಂದ ಎಂ. ವೆಂಕಟೇಶಕುಮಾರ್ ಪುಟ್ಟರಾಜರ ಬಳಿ ಹತ್ತು ವರ್ಷಕ್ಕೂ ಮಿಕ್ಕಿ ಕಲಿತದ್ದು ಇಂಥ ಸಹವಾಸದಲ್ಲೇ.

“ಭೀಮಸೇನ ಜೋಶಿಯವರು ಗದಗ ಬಿಟ್ಟು ಓಡಿಹೋದರಲ್ಲ?” ಎಂದು ಕೇಳುವವರಿದ್ದಾರೆ. ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಆ ಹುಡುಗ 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟದ್ದು ಹೌದು. ಗ್ವಾಲಿಯರ್, ಜಾಲಂಧರ್ ಎಂದು ಉತ್ತರದಲ್ಲೆಲ್ಲ ಅಲೆದು, ಕೊನೆಗೆ ಗುರುವನ್ನು ಕಂಡುಕೊಂಡದ್ದು ನಮ್ಮದೇ ಸೀಮೆಯ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ಅಲ್ಲಿಯೂ ಅವರು ಒಂಟಿಯಾಗಿರಲಿಲ್ಲ. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿಯುತ್ತಿದ್ದ ಗಂಗೂಬಾಯಿ ಹಾನಗಲ್, ಫಿರೋಜ್ ದಸ್ತೂರ್ ಇಬ್ಬರೂ ಅವರ ಗುರುಬಂಧುಗಳು. ಒಬ್ಬನೇ ಗುರುವಿನ ಪಾಠವನ್ನು ಮೂರು ಕಂಠಗಳು ಮೂರು ರೀತಿಯಲ್ಲಿ ಅರಗಿಸಿಕೊಂಡವು.

ಆ ಗಂಗೂಬಾಯಿಯವರೇ ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕರಾದರು. ಪುಣ್ಯಾಶ್ರಮದ ವೆಂಕಟೇಶಕುಮಾರ್ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯದಲ್ಲಿ ಮೂರು ದಶಕ ಪಾಠ ಹೇಳಿದರು. ಆಶ್ರಮದ ರೂಢಿಗೆ ಪದವಿಯ ಚೌಕಟ್ಟು ಸಿಕ್ಕಿತು. ಹಾಡುವುದರ ಜೊತೆಗೆ ಸಂಗೀತಶಾಸ್ತ್ರ, ಘರಾಣೆಗಳ ಇತಿಹಾಸ, ಬರೆಯುವ ಶಿಸ್ತು ಬಂದವು. ಶಾಲೆಯ ಸಂಗೀತ ಶಿಕ್ಷಕರಾಗಲು, ಸಂಶೋಧನೆಗೆ ಹೋಗಲು ಕೈಯಲ್ಲೊಂದು ಅರ್ಹತೆಯಾಯಿತು. ಹಳ್ಳಿಯ ತಂದೆಗೆ ಇದು ಸಣ್ಣ ಸಂಗತಿಯಲ್ಲ.

ವೇದಿಕೆಯ ಮಾತೂ ಇದೆ. ಶ್ರಾವಣ ಬಂತೆಂದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮಠ–ಗುಡಿಗಳಲ್ಲಿ ಪುರಾಣ, ಪ್ರವಚನ ಹತ್ತುತ್ತವೆ. ಶಾಸ್ತ್ರಿಗಳ ಪಕ್ಕದಲ್ಲಿ ಹಾಡುವವರೊಬ್ಬರು, ತಬಲಾದವರೊಬ್ಬರು ಬೇಕೇ ಬೇಕು. ತಿಂಗಳುಗಟ್ಟಲೆ ದಿನಾ ಸಂಜೆ ವಚನ, ತತ್ವಪದ ಹಾಡಬೇಕು. ಹೊಲದಿಂದ ಬಂದು ಕೂತ ಜನಕ್ಕೆ ರಾಗದ ಹೆಸರು ಗೊತ್ತಿರದಿದ್ದರೂ ಬೇಸೂರು ಗೊತ್ತಾಗುತ್ತದೆ. ದೊಡ್ಡ ನಗರದಲ್ಲಿ ವಿದ್ಯಾರ್ಥಿಗೆ ವರ್ಷಕ್ಕೊಮ್ಮೆ ಹತ್ತು ನಿಮಿಷದ ಸರದಿ ಸಿಕ್ಕರೆ ಹೆಚ್ಚು. ಇಲ್ಲಿ ಒಂದೇ ಶ್ರಾವಣದಲ್ಲಿ ದನಿಯ ಅಂಜಿಕೆ ಹೋಗುತ್ತದೆ, ಕೈಗೆ ನಾಲ್ಕು ಕಾಸೂ ಬರುತ್ತದೆ.

ದೊಡ್ಡ ವಿಶ್ವವಿದ್ಯಾಲಯಗಳ ಗ್ರಂಥಾಲಯ, ಧ್ವನಿಮುದ್ರಿಕೆಗಳ ಸಂಗ್ರಹ, ಶಿಷ್ಯವೇತನ ಇಲ್ಲಿ ಸಿಗಲಿಕ್ಕಿಲ್ಲ. ಅವು ಬೇಕಾದಾಗ ಮುಂದೆ ಹೋಗಬಹುದು. ದನಿ ಬಲಿಯುವ, ಲಯ ಮೈಗೂಡುವ ಮೊದಲ ಐದು ವರ್ಷಕ್ಕೆ ಬೇಕಾದದ್ದು ತಪ್ಪಿದಾಗ ತಿದ್ದುವ ಜನ. ಹೀಗಾಗಿ ಸೇರುವ ಮೊದಲು ಕಟ್ಟಡ ನೋಡಬೇಡಿ. ತಬಲಾ ಶಿಕ್ಷಕರಿದ್ದಾರೆಯೇ, ತರಗತಿ ಮುಗಿದ ಮೇಲೂ ಕೋಣೆಯ ಬೀಗ ತೆರೆದಿರುತ್ತದೆಯೇ, ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಕೂರಿಸಿಕೊಳ್ಳುತ್ತಾರೆಯೇ ಎಂದು ಕೇಳಿ. ವಿಭಾಗ ನಡೆಸುವವರಿಗೂ ನನ್ನ ವಿನಂತಿ ಇಷ್ಟೇ: ಲೆಕ್ಕಕ್ಕೆ ಸಣ್ಣದೆಂದು ವಾದ್ಯದ ಹುದ್ದೆಗಳನ್ನು ಖಾಲಿ ಬಿಡಬೇಡಿ. ಒಬ್ಬ ತಬಲಾ ಶಿಕ್ಷಕ ಇಲ್ಲವಾದರೆ ಕಡಿಮೆಯಾಗುವುದು ಒಂದು ಸಂಬಳವಲ್ಲ, ಇಡೀ ಗಾಯನ ತರಗತಿಯ ಲಯ.