ದೇವರು ಒಬ್ಬನೇ, ಕಾನೂನು ಬೇರೆ ಬೇರೆ

ವೀಕೆಂಡ್‌ನಲ್ಲಿ ದಾವಣಗೆರೆ ಜಿಲ್ಲೆ ಸುತ್ತಿದ್ರೆ ಒಂದು ತಮಾಷೆ ಕಾಣುತ್ತೆ: ಊರು ಬದಲಾದಂತೆ ದೇವರಿಗೆ ಅನ್ವಯಿಸೋ ಕಾನೂನೂ ಬದಲಾಗುತ್ತೆ.

ಚನ್ನಗಿರಿ ತಾಲೂಕಿನ ಸಂತೇಬೆನ್ನೂರಲ್ಲಿ ಹನುಮಪ್ಪ ನಾಯಕ ಕಟ್ಟಿಸಿದ, 16ನೇ ಶತಮಾನದ ಪುಷ್ಕರಣಿ ಇದೆ. ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ.

ಹೊನ್ನಾಳಿಗೆ ಬಂದರೆ ಹಿರೇಕಲ್ಮಠ. 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆ, ಅಂದ್ರೆ ನಮ್ಮ ಮುಜರಾಯಿ ಕಾನೂನು, ಮಠಗಳಿಗೂ ಅವಕ್ಕೆ ಸೇರಿದ ಗುಡಿಗಳಿಗೂ ಅನ್ವಯಿಸೋದಿಲ್ಲ.

ನ್ಯಾಮತಿ ಹತ್ತಿರದ ತೀರ್ಥರಾಮೇಶ್ವರದಲ್ಲಿ ಬುಗ್ಗೆಯ ನೀರು ಕುಡಿದು, ಬರದ ಸೀಮೆ ಜಗಳೂರಿನತ್ತ ಹೊರಟರೆ ದಾರಿಯುದ್ದಕ್ಕೂ ಸಣ್ಣ ಸಣ್ಣ ಗುಡಿಗಳು. ಇಂಥ ಗುಡಿ ಮುಜರಾಯಿಗೆ ಸೇರಿದ್ದು, ವರ್ಷದ ಆದಾಯ 5 ಲಕ್ಷದೊಳಗಿದ್ದರೆ ‘ಸಿ’ ದರ್ಜೆ. ಹಿಂದೆ ಗುಡಿಗಳ ಇನಾಂ ಜಮೀನು ಹೋದಾಗ ಅದರ ಬದಲಿಗೆ ಬಂದದ್ದು ತಸ್ತೀಕ್. ‘ಸಿ’ ದರ್ಜೆಯವರಿಗೆ ಅದನ್ನ ವರ್ಷಕ್ಕೆ 72 ಸಾವಿರಕ್ಕೆ ಏರಿಸೋದಾಗಿ 2025ರ ಬಜೆಟ್ ಹೇಳಿತು. ತಿಂಗಳಿಗೆ 6 ಸಾವಿರ. ದೀಪದೆಣ್ಣೆ, ಹೂವು, ಕರ್ಪೂರ, ನೈವೇದ್ಯ ಎಲ್ಲಾ ಕಳೆದು ಮಿಕ್ಕಿದ್ದು ಅರ್ಚಕರ ಮನೆಗೆ.

ಜರ್ಮನಿಯಲ್ಲಿ ಚರ್ಚ್ ಸದಸ್ಯರು ತಮ್ಮ ಆದಾಯ ತೆರಿಗೆಯ ಶೇ 8 ಅಥವಾ 9ರಷ್ಟನ್ನ ಚರ್ಚ್ ತೆರಿಗೆಯಾಗಿ ಕಟ್ತಾರೆ. ಅದು ಸಂಬಳದಲ್ಲೇ ಕಟ್ ಆಗಿ ಚರ್ಚ್ ಸೇರುತ್ತೆ. ನಮ್ಮ ಕಾನೂನಿನ ದಾರಿ ಬೇರೆ: ಹೆಚ್ಚು ಆದಾಯದ ಗುಡಿಗಳ ಒಂದು ಪಾಲು ಸಾಮಾನ್ಯ ಸಂಗ್ರಹಣಾ ನಿಧಿಗೆ ಹೋಗಿ, ಬಡ ಗುಡಿಗಳಿಗೂ ಒದಗಬೇಕು.

ಟೀವಿಯಲ್ಲಿ ಜಗಳವೆಲ್ಲ ದೊಡ್ಡ ಗುಡಿಗಳ ಹುಂಡಿ ಬಗ್ಗೆ. ನೀವು ಈ ಕಡೆ ಬಂದಾಗ ಸಣ್ಣ ಗುಡಿಯೊಂದರ ಮುಂದೆ ಗಾಡಿ ನಿಲ್ಲಿಸಿ, ಮಂಗಳಾರತಿ ತಗೊಂಡು, ಒಂದೇ ಮಾತು ಕೇಳಿ ನೋಡಿ: “ಈ ವರ್ಷದ ತಸ್ತೀಕ್ ಬಂತಾ ಸ್ವಾಮಿ?”