ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆ

ಗುಂಡ್ಲುಪೇಟೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಬಸ್ಸಿನಲ್ಲಿ ಕುಳಿತರೆ ಅರ್ಧ ದಿವಸದ ಪ್ರಯಾಣ. ಕಾಲ್ನಡಿಗೆಯಲ್ಲಿ ಹೊರಟರೆ ಐದು ದಿವಸದ್ದು. ತೆರಕಣಾಂಬಿ, ಚಾಮರಾಜನಗರ, ಸಂತೇಮರಹಳ್ಳಿ, ಯಳಂದೂರು, ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟ ಎಂದು ಊರುಗಳನ್ನು ಎಣಿಸುತ್ತ ಸುಮಾರು 150 ಕಿಲೋಮೀಟರು ಸವೆಸಿದ ಮೇಲೆ ಎಪ್ಪತ್ತೇಳು ಮಲೆಯ ಒಡೆಯನ ದರ್ಶನ. ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಈ ದಾರಿಯಲ್ಲಿ ಹಗಲಿರುಳು ಜನ. ‘ಉಘೇ ಉಘೇ’ ಎಂಬ ಘೋಷ ಕಿವಿಗೆ ಬಿದ್ದಾಗ ಮನೆಯೊಳಗೆ ಕುಳಿತವರಿಗೂ ಅಂಗಾಲು ತುರಿಸುವುದುಂಟು. ಆದರೆ ಭಕ್ತಿ ಹೊರಡಿಸಿದಷ್ಟು ಸುಲಭವಾಗಿ ಕಾಲು ನಡೆಯಿಸುವುದಿಲ್ಲ. ಹನೂರಿನವರೆಗೆ ಉತ್ಸಾಹದಿಂದ ಬಂದು, ಅಲ್ಲಿ ಬೊಬ್ಬೆಗಳನ್ನು ಎಣಿಸಿಕೊಂಡು ಬಸ್ಸು ಹತ್ತಿದವರ ಮುಖವನ್ನು ಕಂಡವರು ಈ ಮಾತನ್ನು ಒಪ್ಪದಿರರು.

ಹೊರೆಯ ವಿಚಾರವನ್ನು ಮೊದಲು ನೋಡಬಹುದು. ಹೊಸದಾಗಿ ಹೊರಟವನ ಚೀಲದಲ್ಲಿ ಇಡೀ ಸಂಸಾರವೇ ಇರುತ್ತದೆ. ಹಳಬನ ಚೀಲದಲ್ಲಿ ಒಂದು ಜೊತೆ ಬಟ್ಟೆ, ಎರಡು ಟವೆಲು, ಒಂದು ಕಂಬಳಿ, ಟಾರ್ಚು, ನೀರಿನ ಬಾಟಲಿ, ಸಣ್ಣ ಡಬ್ಬಿಯಲ್ಲಿ ಕೊಬ್ಬರಿ ಎಣ್ಣೆ, ಇಷ್ಟೆ. ಮೈತೂಕದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಹೊರದಿರುವುದು ಲೇಸು. ಒಂದೇ ಹೆಗಲಿಗೆ ಜೋತುಬೀಳುವ ಚೀಲವು ಎರಡನೆಯ ದಿವಸವೇ ಸೊಂಟವನ್ನು ವಕ್ರಗೊಳಿಸುತ್ತದೆ. ಎರಡು ಹೆಗಲಿಗೂ ಏರುವ ಚೀಲವೇ ಆಗಬೇಕು. ಕಂಬಳಿಯನ್ನು ಮಾತ್ರ ಹಳೆಯ ಕಾಲದ್ದೆಂದು ತಳ್ಳಿಹಾಕಬಾರದು. ಅದು ಹಾಸಿಗೆ, ಹೊದಿಕೆ, ಮುಂಜಾವಿನ ಮಂಜಿಗೆ ತಲೆಗೊಪ್ಪಿ, ಎಲ್ಲವೂ ಹೌದು. ದೀಪಾವಳಿಯ ಯಾತ್ರೆಗೆ ಹಿಂಗಾರು ಮಳೆಯ ಕಾಟವಿರುವುದರಿಂದ ಅಗಲವಾದ ಒಂದು ಪ್ಲಾಸ್ಟಿಕ್ ಹಾಳೆಯೂ ಜೊತೆಗಿರಬೇಕು.

ಊಟಕ್ಕೆ ಚಿಂತೆಯಿಲ್ಲ. ಜಾತ್ರೆಯ ದಿನಗಳಲ್ಲಿ ದಾರಿಯುದ್ದಕ್ಕೂ ಅನ್ನ, ಮಜ್ಜಿಗೆ, ಪಾನಕ ನೀಡುವ ಪುಣ್ಯವಂತರಿದ್ದಾರೆ. ಚಿಂತಿಸಬೇಕಾದುದು ಅತಿಯಾದ ಊಟದ ಬಗ್ಗೆ! ಬೇಡವೆನ್ನಲಾರದೆ ಮೂರು ಕಡೆ ಉಂಡವನು ನಾಲ್ಕನೆಯ ಮೈಲಿಯಲ್ಲಿ ಮರದ ನೆರಳನ್ನು ಹುಡುಕುತ್ತಾನೆ. ಹುರಿಗಡಲೆ, ಬೆಲ್ಲ, ರಾಗಿ ಹುರಿಹಿಟ್ಟು ಸೊಂಟದ ಬಳಿಯಿದ್ದರೆ ಸಾಕು. ಬಿಸಿಲಿನಲ್ಲಿ ಬೆವರಿದ ಮೇಲೆ ಬರಿಯ ನೀರಿಗಿಂತ ಉಪ್ಪು ಬೆರೆಸಿದ ಮಜ್ಜಿಗೆ ಮೇಲು.

ಇನ್ನು ಪಾದದ ಮಾತು. ಎಲ್ಲ ಜಗಳಗಳೂ ಹುಟ್ಟುವುದು ಇಲ್ಲಿಯೇ. ತೆರಕಣಾಂಬಿಯ ಕಡೆಯ ಒಬ್ಬ ಹಿರಿಯ ರೈತರು ಮೊಮ್ಮಗಳ ಕಾಯಿಲೆ ವಾಸಿಯಾದರೆ ನಡೆದು ಬರುವೆನೆಂದು ಹರಕೆ ಹೊತ್ತಿದ್ದರು. ಕಾಯಿಲೆ ವಾಸಿಯಾಯಿತು. ಆದರೆ ಹಿರಿಯರಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಪಾದದಲ್ಲಿ ಅರ್ಧ ಸ್ಪರ್ಶಜ್ಞಾನವೂ ಉಳಿದಿರಲಿಲ್ಲ. ದಾದಿಯಾಗಿದ್ದ ಮಗಳು ಕ್ಯಾನ್‌ವಾಸ್ ಷೂ ತಂದು ಮುಂದಿಟ್ಟಳು.

“ಮಾದಪ್ಪನ ಹಾದೀಲಿ ಎಕ್ಕಡ ಮೆಟ್ಕಂಡು ಹೋದಾರ ಮಗಾ?”

“ಗುಡಿ ಬಾಗ್ಲಲ್ಲಿ ಬುಡು ಅಪ್ಪ. ಹಾದಿಗೆಲ್ಲ ಯಾಕ ಬರಿಗಾಲು?”

ಜಗಲಿಯ ಮೇಲಿದ್ದ, ಕಂಸಾಳೆ ಹಿಡಿಯುವ ನೆರೆಯವರೊಬ್ಬರು ನಡುವೆ ಬಾಯಿ ಹಾಕಿ, ಎಕ್ಕಡವನ್ನು ಮಾದಪ್ಪನೇ ಹರಳಯ್ಯನ ಕೈಯಲ್ಲಿ ಮಾಡಿಸಿದ್ದನಲ್ಲವೆ ಎಂದು ಕಾವ್ಯದ ಪ್ರಮಾಣವನ್ನು ಕೊಟ್ಟರು. ಕಥೆಯನ್ನು ಬಲ್ಲ ಹಿರಿಯರು ಸೋಲಲಿಲ್ಲ. ಆ ಅರಗಿನ ಎಕ್ಕಡವನ್ನು ಮೆಟ್ಟಿದ ಶ್ರವಣ ದೊರೆ ಸುಟ್ಟುಹೋದನಲ್ಲ, ಅದನ್ನೇಕೆ ಹೇಳುವುದಿಲ್ಲ ಎಂದು ಕೇಳಿದರು. ಆಗ ಮಗಳು ಆಡಿದ್ದು ಒಂದೇ ಮಾತು: ಹರಕೆಯ ದಿವಸ ತಂದೆಯ ಬಾಯಿಂದ ಹೊರಟದ್ದು ‘ನಡೆದು ಬರುತ್ತೇನೆ’ ಎಂಬ ನುಡಿಯಷ್ಟೆ, ಬರಿಗಾಲೆಂಬ ಪದವನ್ನು ಮಗುವಿನ ಬಳಿ ಕುಳಿತಿದ್ದ ಅವಳು ಕೇಳಿರಲಿಲ್ಲ. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, ಷೂವಿನೊಳಕ್ಕೆ ಕೈಯಿಟ್ಟು ನೋಡಿದರು.

ಆ ಮಗಳ ಹಟ ನ್ಯಾಯವಾದುದು. ಮಣ್ಣಿನ ಹಾದಿಯಿದ್ದ ಕಾಲದ ಬರಿಗಾಲಿಗೂ ಮಾರ್ಚಿಯ ಮಧ್ಯಾಹ್ನ ಕಾದ ಟಾರು ರಸ್ತೆಯ ಬರಿಗಾಲಿಗೂ ಹೋಲಿಕೆಯೇ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ಸುಟ್ಟದ್ದೂ ತಿಳಿಯದು, ಗಾಜು ಚುಚ್ಚಿದ್ದೂ ತಿಳಿಯದು. ಗಾಯ ಮಾಯುವುದೂ ತಡ. ರಾತ್ರಿ ತಂಗಿದಲ್ಲಿ ಅವರು ಅಂಗಾಲನ್ನು ಬೆಳಕಿಗೆ ಹಿಡಿಸಿ ಇನ್ನೊಬ್ಬರಿಂದ ನೋಡಿಸಿಕೊಳ್ಳಬೇಕು. ಎಲ್ಲರೂ ಮಾಡುವಂತೆ ಬಿಸಿನೀರಿನಲ್ಲಿ ಕಾಲಿಡುವ ಮುನ್ನ ನೀರಿನ ಶಾಖವನ್ನು ಬೇರೆಯವರ ಕೈಯಿಂದ ಪರೀಕ್ಷಿಸಬೇಕು.

ಉಳಿದವರಿಗೂ ಹೊಸ ಪಾದರಕ್ಷೆ ಶತ್ರುವೇ. ಹೊರಡುವ ಒಂದು ತಿಂಗಳ ಮೊದಲೇ ಕೊಂಡು, ಗುಂಡ್ಲುಪೇಟೆಯವರಾದರೆ ತೆರಕಣಾಂಬಿಯವರೆಗೆ ನಾಲ್ಕಾರು ಸಲ ಹೋಗಿಬಂದು ಪಳಗಿಸಿಕೊಳ್ಳಬೇಕು. ಉಗುರು ಕತ್ತರಿಸುವುದನ್ನು ಹೊರಡುವ ದಿವಸಕ್ಕೆ ಉಳಿಸಬಾರದು. ಬೆರಳ ಸಂದಿಗೂ ತೊಡೆಯ ಸಂದಿಗೂ ಎಣ್ಣೆ ಸವರಿಕೊಂಡರೆ ಉಜ್ಜುವುದು ತಪ್ಪುತ್ತದೆ. ಕಾಲುಚೀಲ ಒದ್ದೆಯಾದ ಕೂಡಲೆ ಬದಲಿಸಬೇಕು. ಬೊಬ್ಬೆ ಎದ್ದರೆ ಚರ್ಮವನ್ನು ಕಿತ್ತೆಸೆಯುವ ಶೂರರಿದ್ದಾರೆ. ಅವರ ಸಲಹೆಯನ್ನು ದೂರದಿಂದಲೇ ನಮಸ್ಕರಿಸುವುದು ಕ್ಷೇಮ. ಸಣ್ಣದನ್ನು ಹಾಗೆಯೇ ಬಿಟ್ಟು ಬಟ್ಟೆಪಟ್ಟಿ ಅಂಟಿಸಬೇಕು. ನಡೆಯಲಾಗದಷ್ಟು ದೊಡ್ಡದಾದರೆ ಶುದ್ಧಮಾಡಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ, ನೀರಿಳಿಸಿ, ಚರ್ಮವನ್ನು ಮೇಲೆಯೇ ಉಳಿಸಿ ಕಟ್ಟಬೇಕು. ಸಕ್ಕರೆ ಕಾಯಿಲೆಯವರು ಇದನ್ನು ವೈದ್ಯರಿಗೇ ಬಿಡಬೇಕು.

ಬೆಳಗಿನ ಜಾವ ಹೊರಟು ಹನ್ನೊಂದಕ್ಕೆ ನೆರಳು ಸೇರಿ, ಮತ್ತೆ ನಾಲ್ಕಕ್ಕೆ ಏಳುವುದು ಬಯಲುಸೀಮೆಯ ಭಾಗಕ್ಕೆ ಒಳ್ಳೆಯ ಕ್ರಮ. ಕತ್ತಲಲ್ಲಿ ಬಿಳಿಯ ಬಟ್ಟೆಯುಟ್ಟು, ಎದುರಿನ ವಾಹನ ಕಣ್ಣಿಗೆ ಬೀಳುವಂತೆ ರಸ್ತೆಯ ಬಲಗಡೆಯಲ್ಲಿ ನಡೆಯಬೇಕು. ತಾಳಬೆಟ್ಟ ಬಂತೆಂದರೆ ಈ ಕ್ರಮ ಬದಲಾಗತಕ್ಕದ್ದು. ಅಲ್ಲಿಂದಾಚೆಯದು ಕಾಡು, 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಸೀಮೆ. ಆನೆ ಚಿರತೆಗಳಿಗೆ ಯಾತ್ರಿಕನ ಹರಕೆ ತಿಳಿಯದು. ಆದ್ದರಿಂದ ಹಗಲಿನಲ್ಲಿ, ಗುಂಪಿನಲ್ಲಿ, ಅರಣ್ಯ ಇಲಾಖೆಯವರು ಬಿಟ್ಟ ಹೊತ್ತಿನಲ್ಲಿ, ಬಿಟ್ಟ ದಾರಿಯಲ್ಲಿಯೇ ಏರಬೇಕು. ಖಾಲಿ ಬಾಟಲಿ, ಎಂಜಲು ಪೊಟ್ಟಣಗಳನ್ನು ಚೀಲಕ್ಕೇ ಸೇರಿಸಿಕೊಳ್ಳಬೇಕು.

ಹಿರಿಯರು ತಾಳಬೆಟ್ಟದಲ್ಲಿ ಕರ್ಪೂರ ಹಚ್ಚಿ ಒಂದು ಕ್ಷಣ ಷೂಗಳ ಕಡೆ ನೋಡಿದರಂತೆ. ಜೊತೆಗಿದ್ದ ಮಗಳು ಅವರ ಕಡೆ ನೋಡಿದಳಂತೆ. ಷೂ ಕಾಲಿನಲ್ಲಿಯೇ ಬೆಟ್ಟವೇರಿತು. ಐದಾಗಬೇಕಾದ ಪ್ರಯಾಣ ಏಳು ದಿವಸವಾಯಿತು. ಇಳಿಯುವಾಗ ಮಂಡಿಗೆ ಬೀಳುವ ಪೆಟ್ಟು ಏರುವಾಗಿನದಕ್ಕಿಂತ ಹೆಚ್ಚೆಂಬುದನ್ನು ಅರಿತು, ತಂದೆ ಮಗಳಿಬ್ಬರೂ ಬೆಟ್ಟದ ನಿಲ್ದಾಣದಲ್ಲಿಯೇ ಸರ್ಕಾರಿ ಬಸ್ಸು ಹತ್ತಿದರು. ಕೊಳ್ಳೇಗಾಲ ಬರುವವರೆಗೆ ಹಿರಿಯರಿಗೆ ಎಚ್ಚರವೇ ಇರಲಿಲ್ಲ.