ಅವ್ವ ಕೇಳಿದ ಪ್ರಶ್ನೆ

ಬಸವಕಲ್ಯಾಣ–ಹುಮನಾಬಾದ್ ನಡುವಿನ ನಮ್ಮೂರಿಗೆ ರಜೆಗೆ ಹೋಗಿದ್ದೆವು. ರಾತ್ರಿ 2 ಗಂಟೆಗೆ ಎರಡು ವರ್ಷದ ಮಗಳಿಗೆ ಭೇದಿ ಶುರು. ಬಿ.ಇ. ಓದಿದವನಲ್ವಾ, ಗೂಗಲ್ ತೆಗೆದೆ. ಹತ್ತು ನಿಮಿಷದಲ್ಲಿ ಅವಳಿಗೆ ಇಲ್ಲದ ಕಾಯಿಲೆಯೇ ಉಳಿಯಲಿಲ್ಲ.

ಶಾಲೆ ಮೆಟ್ಟಿಲು ಹತ್ತದ ಅವ್ವ ಕೇಳಿದಳು: "ಕೂಸು ಉಚ್ಚಿ ಯಾವಾಗ ಹೊಯ್ದದ? ಅಳುವಾಗ ಕಣ್ಣೀರ ಬರ್ತಾವೇನು?"

ಗೊತ್ತಿರಲಿಲ್ಲ. ಅಷ್ಟೊತ್ತೂ ನಾನು ನೋಡಿದ್ದು ಮೊಬೈಲನ್ನ, ಮಗಳನ್ನಲ್ಲ.

ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಈ ಅಳತೆ ಹೇಳಿದ್ದು ಗೂಗಲ್. ರಾತ್ರಿಯೆಲ್ಲ ಕುಡಿಸಿದ್ದು ಅವ್ವ.

ಬೆಳಿಗ್ಗೆ ಹುಮನಾಬಾದಿನ ಡಾಕ್ಟರು ಕೇಳಿದ್ದೂ ಅವೇ ಎರಡು ಪ್ರಶ್ನೆ. ಮೈಯಲ್ಲಿ ನೀರು ಕಮ್ಮಿಯಾಗಿದೆಯಾ ಅಂತ ತಿಳಿಯೋದು ಹಾಗಂತೆ. ಓಆರ್‌ಎಸ್, 14 ದಿನಕ್ಕೆ ಝಿಂಕ್ ಬರೆದುಕೊಟ್ಟರು.

ಈಗಲೂ ಗೂಗಲ್ ಮಾಡ್ತೀನಿ. ಮೊದಲು ಡೈಪರ್ ಮುಟ್ಟಿ ನೋಡ್ತೀನಿ.